ನುಕಾಗರು ಕಸದ ಫೋಟೊ ತೆಗೆದದ್ದು

ನಮ್ಮ ಬೀದಿಯ ಕಸ ಒಂದು ಕಾಲದಲ್ಲಿ ಕಸದ ಹಾಗೆಯೇ ಇತ್ತು. ಈಗ ಬಂದು ನೋಡಿ, ಗಂಡಿನ ಕಡೆಯವರೆದುರು ಸಿಂಗರಿಸಿ ಕೂರಿಸಿದ ಹಾಗಿರುತ್ತದೆ. ಹಾಲಿನ ಪೊಟ್ಟಣಗಳನ್ನು ತೊಳೆದು, ಕತ್ತರಿಸಿ, ಒಣಗಿಸಿ, ಅಂಚಿಗೆ ಅಂಚು ಸೇರಿಸಿ ಕಟ್ಟಿರುತ್ತಾರೆ. ಬಾಟಲಿಗಳು ಹಬ್ಬದ ಪಾತ್ರೆಗಳ ಹಾಗೆ ಥಳಥಳ ಅನ್ನುತ್ತವೆ. ಕಾಗೆಗಳು ಕೂಡ ಬೇಜಾರಾಗಿ ಪಕ್ಕದ ಬೀದಿಗೆ ಹೋಗಿಬಿಟ್ಟವು. ಇಷ್ಟಕ್ಕೆಲ್ಲ ಕಾರಣ ನನ್ನ ಎದುರು ಮನೆಯ ನುಕಾಗ ತೈಜೊ ಎಂಬ ಸಾಧು ಮನುಷ್ಯ. ಅವರಿಗೆ ಕಸದ ಮೇಲೆ ದ್ವೇಷವೇನೂ ಇರಲಿಲ್ಲ. ಇದ್ದದ್ದು ಪ್ರೀತಿ. ಎಡವಟ್ಟಾಗಿದ್ದೇ ಅಲ್ಲಿ.

ನಾನು ತೋಮಿ. ಬೀದಿ ಮೂಲೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನನ್ನದು. ಕ್ಯೋಟೊದಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಈ ಊರಲ್ಲಿ ಯಾರೂ ಯಾರಿಗೂ ಏನನ್ನೂ ಮುಖಕ್ಕೆ ಹೇಳುವುದಿಲ್ಲ. ಪಕ್ಕದ ಮನೆಯ ಹುಡುಗಿ ಪಿಯಾನೋ ಕುಟ್ಟಿ ತಲೆ ಚಿಟ್ಟು ಹಿಡಿಸಿದಳು ಅನ್ನಿ, ಅವಳ ತಾಯಿ ಸಿಕ್ಕಾಗ "ನಿಮ್ಮ ಮಗಳ ಕೈ ಎಷ್ಟು ಚೆನ್ನಾಗಿ ಪಳಗಿದೆ" ಎಂದು ಹೊಗಳುತ್ತೇವೆ. ಹೊಗಳಿದ ದಿನವೇ ಪಿಯಾನೋ ಮುಚ್ಚುತ್ತದೆ. ಹೀಗೆ ಹೊಗಳಿಸಿಕೊಂಡು ಊರು ಬಿಟ್ಟು ಹೋದವರೂ ಇದ್ದಾರೆ. ಈ ವಿದ್ಯೆ ಗೊತ್ತಿಲ್ಲದ ಒಬ್ಬನೇ ಒಬ್ಬ ಗಂಡಸು ನುಕಾಗರು. ಅವರು ಉತ್ತರದ ಹಿಮದ ಸೀಮೆಯವರು. ಅವರ ಬಾಯಲ್ಲಿ ಚೆನ್ನಾಗಿದೆ ಅಂದರೆ ಚೆನ್ನಾಗಿದೆ ಅಂತಲೇ ಅರ್ಥ.

ಪುರಸಭೆಯ ನೀರಿನ ವಿಭಾಗದಲ್ಲಿ ಮೀಟರ್ ಓದಿ ಓದಿ ನಿವೃತ್ತರಾದ ಮೇಲೆ ನುಕಾಗರು ಒಂದು ಕ್ಯಾಮೆರಾ ಕೊಂಡರು. ಫೋನಿನಲ್ಲಿ ಒಬ್ಬ ಗಡ್ಡದ ಗುರು ಸಿಕ್ಕಿದ. ಮನೆಯಲ್ಲೇ ಕೂತು ಕಲಾತ್ಮಕ ಫೋಟೊ ತೆಗೆಯುವುದನ್ನು ಅವನು ಪಾಠ ಪಾಠವಾಗಿ ಹೇಳಿಕೊಡುತ್ತಿದ್ದ. ಕಲಿತದ್ದನ್ನು ಲೋಕಕ್ಕೆ ಹಂಚಲು ನುಕಾಗರು 'ಮನೆಯೊಳಗಿನ ಬೆಳಕು' ಎಂಬ ಬ್ಲಾಗನ್ನೂ ಶುರುಮಾಡಿದರು. ಲೋಕ ಕಾದಿರಲಿಲ್ಲ, ಆ ಮಾತು ಬೇರೆ.

ಮೊದಲನೆಯ ಪಾಠ ನೀರಿನ ಹನಿ. ನುಕಾಗರು ಅಡುಗೆಮನೆಯ ನಲ್ಲಿಯನ್ನು ತೊಟ್ಟಿಕ್ಕಲು ಬಿಟ್ಟು, ಹನಿ ಬೀಳುವ ಗಳಿಗೆಯನ್ನು ಹಿಡಿಯಲು ಬೆಳಗಿನಿಂದ ಸಂಜೆಯವರೆಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ನೀರು ಉಳಿಸಿ ಎಂದು ಜೀವಮಾನವಿಡೀ ಊರಿಗೆ ಬುದ್ಧಿ ಹೇಳಿದ ಮನುಷ್ಯ. ಎರಡನೆಯ ಪಾಠ ನೀರಿನ ಮೇಲೆ ಎಣ್ಣೆಯ ಗುಳ್ಳೆ. ಮನೆಯಲ್ಲಿದ್ದ ಎಳ್ಳೆಣ್ಣೆಯೆಲ್ಲ ಕಲೆಗೆ ಅರ್ಪಿತವಾಯಿತು. ಆ ಚಿತ್ರಕ್ಕೆ ಬ್ಲಾಗಿನಲ್ಲಿ ಒಂದೇ ಒಂದು ಪ್ರತಿಕ್ರಿಯೆ ಬಂತು, "ಇದು ಯಾವ ಅಂಗಡಿ ಎಣ್ಣೆ?" ಎಂದು. ಮೂರನೆಯದು ಕತ್ತಲಲ್ಲಿ ಟಾರ್ಚು ಬೀಸಿ ಬೆಳಕಿನ ಗೆರೆ ಎಳೆಯುವುದು. ಕಿಟಕಿಗಳನ್ನೆಲ್ಲ ಮುಚ್ಚಿ ಅವರು ಟಾರ್ಚು ಬೀಸುತ್ತಿದ್ದಾಗ ಹೆಂಡತಿ ಫುಸಾಯೆ ಚಹಾದ ತಟ್ಟೆ ಹಿಡಿದು ಒಳಗೆ ಬಂದರು. ಆಮೇಲಿನದ್ದು ನನ್ನ ಅಂಗಡಿಯವರೆಗೂ ಕೇಳಿಸಿತು.

"ರೀ, ಸಾಕು ನಿಮ್ಮ ಬೆಳಕು," ಅಂದರು ಫುಸಾಯೆ, ಚಹಾದಿಂದ ತೊಯ್ದ ಕಿಮೊನೊ ಹಿಂಡುತ್ತ. "ಒಂದು ಮಾತು ಹೇಳ್ತೀನಿ ಕೇಳಿ. ಈ ವರ್ಷ ಮುಗಿಯೋದ್ರೊಳಗೆ ನಮ್ಮ ಮನೆಯೋರಲ್ಲದೋರು ಯಾರಾದ್ರೂ ನೀವು ತೆಗೆದ ಫೋಟೊನ ಅವರ ಗೋಡೆ ಮೇಲೆ ಹಾಕ್ಕೊಳ್ಳಲಿ. ಒಬ್ಬರು ಸಾಕು. ಇಲ್ಲಾಂದ್ರೆ ಕ್ಯಾಮೆರಾ ಅಟ್ಟಕ್ಕೆ. ನೀವು ನಮ್ಮಣ್ಣನ ತಂಡಕ್ಕೆ."

ಫುಸಾಯೆಯ ಅಣ್ಣ ಇಸಾವೊ ಗೇಟ್‌ಬಾಲ್ ತಂಡದ ನಾಯಕ. ಮರದ ಸುತ್ತಿಗೆಯಿಂದ ಚೆಂಡನ್ನು ಕಮಾನಿನೊಳಗೆ ದಬ್ಬುವ ಮುದುಕರ ಆಟ ಅದು. ಆದರೆ ಇಸಾವೊ ಅದನ್ನು ಯುದ್ಧದ ಹಾಗೆ ಆಡಿಸುತ್ತಾನೆ. ಸೂರ್ಯ ಹುಟ್ಟುವ ಮುಂಚೆ ನದಿದಂಡೆಗೆ ಎಳೆದೊಯ್ದು ಬೈಯುತ್ತಾನೆ. ಅವನ ತಂಡದಲ್ಲಿ ಒಬ್ಬರು ಮೊಣಕಾಲಿಗೆ ಆಪರೇಷನ್ ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡು, ಸುಳ್ಳು ಸಿಕ್ಕಿಬೀಳಬಾರದೆಂದು ನಿಜವಾಗಿಯೂ ಮಾಡಿಸಿಕೊಂಡರು. ನುಕಾಗರಿಗೆ ನಿದ್ದೆ ಹಾರಿಹೋಯಿತು.

ಮಾರನೆಯ ದಿನವೇ ಎಣ್ಣೆಗುಳ್ಳೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿಕೊಂಡು ನನ್ನಲ್ಲಿಗೆ ಬಂದರು.

"ತೋಮಿಯಕ್ಕ, ನಿಮ್ಮ ಗೋಡೆಗೆ."

"ಅಯ್ಯೋ, ಇಷ್ಟು ಒಳ್ಳೇದಕ್ಕೆ ನನ್ನ ಗೋಡೆ ಸಾಲದು," ಅಂದೆ. ನಮ್ಮೂರವರಾಗಿದ್ದರೆ ಅಷ್ಟಕ್ಕೇ ಅರ್ಥವಾಗುತ್ತಿತ್ತು. ನುಕಾಗರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಸಾಲುತ್ತಲ್ಲ" ಅಂದರು. ಗೋಡೆಗೆ ಗೆದ್ದಲಿದೆ ಅಂತ ಹೇಳಿ ಕಳಿಸಬೇಕಾಯಿತು.

ಇಂಥ ಹೊತ್ತಿನಲ್ಲಿ ಗಡ್ಡದ ಗುರುವಿನ ಹೊಸ ಪಾಠ ಬಂತು. ಯಾರೂ ನೋಡದೆ ದಾಟಿ ಹೋಗುವುದನ್ನು ನಿಂತು ನೋಡಿ, ಬೆಳಕು ಅದರ ಹಿಂದಿನಿಂದ ಬರಲಿ, ಎಂದು. ನಮ್ಮೂರಲ್ಲಿ ಒಂದೊಂದು ಬಗೆಯ ಕಸಕ್ಕೆ ಒಂದೊಂದು ದಿನ, ಅವತ್ತು ಸುಡುವ ಕಸದ ದಿನ. ನುಕಾಗರು ತಮ್ಮ ಚೀಲ ಹಿಡಿದು ಲೈಟುಕಂಬದ ಕೆಳಗಿನ ಕಸದ ಜಾಗಕ್ಕೆ ಹೋದರು. ಕಾಗೆಗಳು ಕೆದಕದಿರಲೆಂದು ಹೊದಿಸಿದ ಕಾಗೆ ಬಲೆಯ ಕೆಳಗೆ ಬೀದಿಯವರ ಚೀಲಗಳೆಲ್ಲ ಸಾಲಾಗಿ ಕೂತಿದ್ದವು. ನಮ್ಮೂರಿನ ಚೀಲಗಳು ಒಳಗಿನದ್ದು ಕಾಣುವಂಥವು, ಮೇಲೆ ಮನೆಯವರ ಹೆಸರೂ ಬರೆದಿರಬೇಕು. ಎಳೆ ಬಿಸಿಲು ಆ ಚೀಲಗಳ ಹಿಂದಿನಿಂದ ತೂರಿ ಬಂದು ಮೂಲಂಗಿ ಸಿಪ್ಪೆ ಹೊಳೆಯಿತು, ಕಿತ್ತಳೆ ಸಿಪ್ಪೆ ಉರಿಯಿತು. ನುಕಾಗರಿಗೆ ಮೈ ಜುಮ್ಮೆಂದಿತು. ಓಡಿ ಮನೆಗೆ ಬಂದರು. ಲೆನ್ಸು, ಟಾರ್ಚು, ಒರೆಸುವ ಬಟ್ಟೆ ತುಂಬಿಕೊಳ್ಳಲು ಹತ್ತು ಜೇಬುಗಳ ಅಂಗಿಯೊಂದು ಬೇಕಿತ್ತು. ಇದ್ದದ್ದು ಒಂದೇ, ನೀರಿನ ವಿಭಾಗದವರು ಕೊಟ್ಟ ನೀಲಿ ತೋಳಿಲ್ಲದ ಅಂಗಿ. ಬೆನ್ನಿನ ಮೇಲೆ ಪುರಸಭೆಯ ದೊಡ್ಡ ಮುದ್ರೆ. ಅದನ್ನು ತೊಟ್ಟು ಬಂದು ಕಸದ ಮುಂದೆ ಕುಕ್ಕರಗಾಲಲ್ಲಿ ಕೂತರು.

ಎರಡು ಮನೆ ಆಚೆಯ ಹೊಸಾಕಾ ಅಮ್ಮ ಬಲೆ ಸರಿಮಾಡಲು ಬಂದಾಗ ಕಂಡದ್ದು ಇದು. ಪುರಸಭೆಯ ಅಂಗಿ ತೊಟ್ಟ ಗಂಡಸು ತಮ್ಮ ಚೀಲದ ಒಳಗೆ ಟಾರ್ಚು ಬಿಟ್ಟು ನೋಡುತ್ತಿದ್ದಾನೆ, ಫೋಟೊ ತೆಗೆಯುತ್ತಿದ್ದಾನೆ, ನಡುನಡುವೆ ನಿಟ್ಟುಸಿರು ಬಿಡುತ್ತಿದ್ದಾನೆ.

"ಹೊಸಾಕಾ ಅವರೇ, ಇದು ನಿಮ್ಮದಾ?"

"ಹೌದು. ಏನಾದ್ರೂ..."

"ಎಷ್ಟು ಚೆನ್ನಾಗಿದೆ. ಆ ಮೀನಿನ ಮುಳ್ಳು, ಅದರ ಪಕ್ಕಕ್ಕೆ ಆ ಮೊಸರಿನ ಡಬ್ಬಿ. ಯೋಚನೆ ಮಾಡಿ ಹಾಕಿದ ಹಾಗಿದೆ."

ಮೊಸರಿನ ಪ್ಲಾಸ್ಟಿಕ್ ಡಬ್ಬಿ ಸುಡುವ ಕಸಕ್ಕೆ ಬರಬಾರದ ವಸ್ತು. ಹೊಸಾಕಾ ಅಮ್ಮನ ಮುಖ ಬಿಳಿಚಿಕೊಂಡಿತು. "ದಯವಿಟ್ಟು ಕ್ಷಮಿಸಿ" ಎನ್ನುತ್ತ ಚೀಲ ಎತ್ತಿಕೊಳ್ಳಲು ಬಗ್ಗಿದರು.

"ಬೇಡ, ಬೇಡ, ಮುಟ್ಟಬೇಡಿ. ಇನ್ನೂ ನಾಲ್ಕು ಕಡೆಯಿಂದ ತೆಗೀಬೇಕು."

ಹೊಸಾಕಾ ಅಮ್ಮ ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. ಒಗೆಯಲು ಕೊಡಲು ಏನೂ ತಂದಿರಲಿಲ್ಲ, ಮೈಮೇಲಿನ ಅಡುಗೆ ಅಂಗಿಯನ್ನೇ ಬಿಚ್ಚಿ ಕೊಟ್ಟರು. "ಇವತ್ತು ಬಿಸಿಲು ಜೋರು ಅಲ್ವಾ" ಅಂದರು. "ಹೌದು" ಅಂದೆ. ಆಮೇಲೆ ಅತ್ತರು.

ಅದೇ ಹೊತ್ತಿಗೆ ಬೀದಿ ಸಂಘದ ಅಧ್ಯಕ್ಷರಾದ ಕುರಾಮೋಚಿ ತಮ್ಮ ಕಪ್ಪು ಸೂಟು ತೆಗೆದುಕೊಳ್ಳಲು ಬಂದರು. ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು. ಬೀದಿಯಲ್ಲಿ ಬೆಕ್ಕು ಮರಿ ಹಾಕಿದರೂ ತಮಗೆ ಮೊದಲು ತಿಳಿಯಬೇಕು ಎಂಬ ಸ್ವಭಾವ.

"ಅಧ್ಯಕ್ಷರೇ, ನುಕಾಗ ಅವರನ್ನ ಕಸದ ತಪಾಸಣೆಗೆ ಹಾಕಿದ್ದಾರಾ?" ಅಂತ ಕೇಳಿದರು ಹೊಸಾಕಾ ಅಮ್ಮ. "ಪುರಸಭೆ ಅಂಗಿ ಹಾಕ್ಕೊಂಡು ಒಂದೊಂದೇ ಚೀಲದ ಫೋಟೊ ತೆಗೀತಿದ್ದಾರೆ. ನಿಮಗೆ ಗೊತ್ತಿಲ್ದೆ ಇರುತ್ತಾ?"

ಕುರಾಮೋಚಿಯವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಅವರ ನಾಲಿಗೆಗೆ ಬರುವ ಪದವೂ ಆಗಿರಲಿಲ್ಲ. ಒಂದು ಸಲ ಕೆಮ್ಮಿದರು.

"ಕೆಲವು ವಿಷಯ ಹೇಳೋ ಹಾಗಿರಲ್ಲಮ್ಮ," ಅಂದರು.

ಆ ಒಂದು ಕೆಮ್ಮಿನಿಂದ ನುಕಾಗರು ಸರ್ಕಾರಿ ಅಧಿಕಾರಿಯಾದರು. ಸಂಜೆಯೊಳಗೆ ಸುದ್ದಿ ಬೀದಿಯಿಡೀ ಹರಡಿತು. ಮುಂದಿನ ಕಸದ ದಿನ ನೋಡಬೇಕಿತ್ತು. ಹಲ್ಲಿನ ಡಾಕ್ಟರ ಹೆಂಡತಿ ಹಳೆಯ ಪತ್ರಿಕೆಗಳನ್ನು ಇಸ್ತ್ರಿ ಮಾಡಿಕೊಡಿ ಅಂತ ನನ್ನಲ್ಲಿಗೆ ತಂದರು. ಮಾಡಿಕೊಟ್ಟೆ, ಸುಳ್ಳೇಕೆ. ಒಬ್ಬರು ತರಕಾರಿ ಸಿಪ್ಪೆಯನ್ನು ಬಣ್ಣಬಣ್ಣವಾಗಿ ವಿಂಗಡಿಸಿದರು. ನಾನು ಮೊಟ್ಟೆಯ ಸಿಪ್ಪೆ ತೊಳೆದೆ.

ಇನ್ನು ಕೆಲವರು ನುಕಾಗರ ಮನೆಗೇ ಹೋದರು. ಖಾಲಿ ಕೈಯಲ್ಲಿ ಹೋಗಲಾದೀತೇ? ಕರ್ಬೂಜ ಹೋಯಿತು, ಕೆಂಪು ಅಲಸಂದೆಯ ಸಿಹಿ ಹೋಯಿತು, ಪೆಟ್ಟಿಗೆಯಲ್ಲಿಟ್ಟ ಪೀಚ್ ಹಣ್ಣು ಹೋಯಿತು.

"ನಿಮ್ಮ ಯಜಮಾನ್ರು ದಿನಾ ಎಷ್ಟು ಕಷ್ಟಪಡ್ತಾರೆ," ಅಂದರು ಹೊಸಾಕಾ ಅಮ್ಮ, ಬಾಗಿಲಲ್ಲಿ ಮಂಡಿಯೂರಿ. "ನಮ್ಮದನ್ನೂ ಸ್ವಲ್ಪ ಒಳ್ಳೆ ಕಣ್ಣಲ್ಲಿ ನೋಡೋಕೆ ಹೇಳಿ."

ಫುಸಾಯೆ ಬೆಪ್ಪಾದರು. ಗಂಡನ ಫೋಟೊ ನೋಡಿ ಜನ ಹಣ್ಣು ತಂದುಕೊಡುತ್ತಿದ್ದಾರೆ ಅಂದರೆ ಏನರ್ಥ? ಬ್ಲಾಗನ್ನು ಬೀದಿಯೆಲ್ಲ ಓದುತ್ತಿದೆ ಅಂತಲೇ ಅರ್ಥ. ಅವತ್ತು ರಾತ್ರಿ ಗಂಡನಿಗೆ ಮೀನಿನ ದೊಡ್ಡ ತುಂಡು ಬಡಿಸಿದರು.

"ರೀ, ಇಷ್ಟೊಂದು ಜನ ಮೆಚ್ಚಿದ್ದಾರೆ. ಒಬ್ಬರಾದ್ರೂ ಗೋಡೆಗೆ ಹಾಕ್ಕೊಳ್ಳಲ್ವಾ?"

ನುಕಾಗರು ಊಟ ಸೇರದೆ ಕೂತಿದ್ದರು. "ಅದಲ್ವೇ ಫುಸಾ. ಫೋಟೊನೇ ಬರ್ತಿಲ್ಲ. ಕಸದಲ್ಲಿ ಜೀವ ಇಲ್ಲ."

ಪಾಪ, ಸತ್ಯವೇ. ಮುದುರಿದ್ದು, ಹರಿದದ್ದು, ಒಂದರ ಮೇಲೊಂದು ಬಿದ್ದದ್ದು ಬೆಳಕಿಗೆ ಸೊಗಸು. ಈಗ ಚೀಲದೊಳಗೆಲ್ಲ ಮಡಿಕೆ ಹಾಕಿದ ಬಟ್ಟೆಯ ಹಾಗೆ ಸಾಲು ಸಾಲು. ವರ್ಷ ಮುಗಿಯುತ್ತ ಬಂತು, ಇಸಾವೊ ಆಗಲೇ ತಂಗಿಯ ಗಂಡನಿಗೆ ಅಂತ ಒಂದು ಸುತ್ತಿಗೆ ತಂದಿಟ್ಟು ಹೋಗಿದ್ದ. ಸಂಕಟ ತಡೆಯಲಾರದೆ ನುಕಾಗರು ಬೀದಿಯಲ್ಲಿ ಸಿಕ್ಕ ಕುರಾಮೋಚಿಯವರ ಮುಂದೆ ಹೊಟ್ಟೆಯೊಳಗಿನದ್ದನ್ನು ಹೇಳಿಕೊಂಡರು.

"ಅಧ್ಯಕ್ಷರೇ, ಮೊದಲು ನಮ್ಮ ಬೀದಿ ಕಸ ಎಷ್ಟು ಚೆನ್ನಾಗಿತ್ತು. ಈಗ ನೋಡೋಕೇ ಆಗ್ತಿಲ್ಲ. ಹೀಗೇ ಆದ್ರೆ ನಾನು ಬೇರೆ ಬೀದಿಗೆ ಹೋಗ್ಬೇಕಾಗುತ್ತೆ."

ಕುರಾಮೋಚಿ ಮನೆಗೂ ಹೋಗದೆ ತುರ್ತು ಸಭೆ ಕರೆದರು.

"ವರ್ಗ ಕೇಳಿದ್ದಾರೆ," ಅಂದರು ಮುಖ ಬಿಗಿದುಕೊಂಡು. "ನಮ್ಮ ಕಸ ನೋಡಿ ಮನಸ್ಸು ಮುರಿದಿದೆ."

"ಪತ್ರಿಕೆಗೆ ಇಸ್ತ್ರಿ ಕೂಡ ಮಾಡ್ಸಿದ್ವಲ್ಲ," ಅಂದರು ಡಾಕ್ಟರ ಹೆಂಡತಿ.

"ಇವರು ಹೋದ್ರೆ ಇನ್ನೆಂಥವರು ಬರ್ತಾರೋ," ಎಂದು ಹೊಸಾಕಾ ಅಮ್ಮ ಕಣ್ಣೊರೆಸಿಕೊಂಡರು. "ಇವರಾದ್ರೂ ನಗ್ತಾ ಫೋಟೊ ತೆಗೀತಾರೆ."

ಕೊನೆಗೆ ಕುರಾಮೋಚಿ ಕಪ್ಪು ಸೂಟು ತೊಟ್ಟು ಪುರಸಭೆಗೆ ಹೋಗಿ, ಕಸದ ವಿಭಾಗದ ಸಕಾಮಾಕಿ ಎಂಬ ಅಧಿಕಾರಿಯ ಮುಂದೆ ತಲೆ ಮೇಜಿಗೆ ತಾಗುವಷ್ಟು ಬಗ್ಗಿ, ನುಕಾಗ ಅವರನ್ನು ನಮ್ಮ ಬೀದಿಯಲ್ಲೇ ಉಳಿಸಿಕೊಡಿ ಎಂದು ಬೇಡಿಕೊಂಡರು. ಸಕಾಮಾಕಿಗೆ ತಲೆಬುಡ ತಿಳಿಯಲಿಲ್ಲ. ಹಾಗಂತ ಅಂಥವರು ಯಾರೂ ನಮ್ಮಲ್ಲಿಲ್ಲ ಅಂದುಬಿಡಲು ನಮ್ಮ ಕಚೇರಿಗಳಲ್ಲಿ ಪದ್ಧತಿಯಿಲ್ಲ. "ಪರಿಶೀಲಿಸ್ತೀವಿ" ಅಂದ. ಮಾರನೆಯ ಬೆಳಿಗ್ಗೆ ತಾನೇ ಬರುತ್ತೇನೆ ಅಂದ.

ಅದೇ ಬೆಳಿಗ್ಗೆ ನುಕಾಗರು ಗಟ್ಟಿ ನಿರ್ಧಾರ ಮಾಡಿದ್ದರು. ಬೀದಿಯವರ ಕಸ ಕೈಕೊಟ್ಟಿತು, ಇನ್ನು ತಮ್ಮದೇ ಕಸ. ಅವತ್ತು ಹಳೆ ಕಾಗದದ ದಿನ. ಡ್ರಾಯರಿನಲ್ಲಿದ್ದ ಕೆಟ್ಟ ಫೋಟೊಗಳನ್ನೆಲ್ಲ ಮುದುರಿ, ಹರಿದು ಚೀಲಕ್ಕೆ ತುರುಕಿದರು. ಮಸುಕು ಹನಿಗಳು, ತಮ್ಮ ಹೆಬ್ಬೆರಳು, ಎಣ್ಣೆ. ಎಲ್ಲಕ್ಕಿಂತ ಮೇಲೆ, ಟಿವಿ ಮುಂದೆ ಬಾಯಿ ಬಿಟ್ಟುಕೊಂಡು ಮಲಗಿದ ಫುಸಾಯೆಯ ದೊಡ್ಡ ಫೋಟೊ. ಇದನ್ನು ಸುಟ್ಟುಹಾಕಿ ಅಂತ ಆಕೆ ಎಷ್ಟೋ ಸಲ ಹೇಳಿದ್ದರು, ಇವರಿಗೆ ಮನಸ್ಸು ಬಂದಿರಲಿಲ್ಲ. ಚೀಲವನ್ನು ಕಂಬದ ಕೆಳಗಿಟ್ಟು ಹಿಂದೆ ಸರಿದರು. ಸೂರ್ಯ ಬಂದ. ಪ್ಲಾಸ್ಟಿಕ್ಕಿಗೆ ಒತ್ತಿಕೊಂಡ ಫುಸಾಯೆಯ ಮುಖ ಹಿಂದಿನ ಬೆಳಕಿಗೆ ಗುಡಿಯ ದೀಪದಂತೆ ಬೆಳಗಿತು. ನುಕಾಗರ ಕಣ್ಣು ತುಂಬಿ ಬಂತು. ಕ್ಲಿಕ್ಕಿಸಿದರು.

ಕಾಗದದ ಗಾಡಿ ಬಂತು. ಗಾಡಿಯವನು ಚೀಲ ಎತ್ತಿದ, ನೋಡಿದ, ಕೆಳಗಿಟ್ಟ. ಫೋಟೊ ಕಾಗದದ ಮೇಲೆ ಮದ್ದಿನ ಲೇಪ ಇರುತ್ತದೆ, ಅದು ಹಳೆ ಕಾಗದದ ಜೊತೆ ಹೋಗುವ ಹಾಗಿಲ್ಲ. ಚೀಲಕ್ಕೆ ಒಂದು ಕೆಂಪು ಚೀಟಿ ಅಂಟಿಸಿ, ಉಳಿದದ್ದನ್ನೆಲ್ಲ ತುಂಬಿಕೊಂಡು ಹೋದ.

ಬೀದಿಯ ಪರದೆಗಳ ಹಿಂದೆ ಉಸಿರು ನಿಂತಿತು. ತಪಾಸಣೆಯವರ ಚೀಲಕ್ಕೇ ಕೆಂಪು ಚೀಟಿ.

"ಬೇಕಂತಲೇ ಹಾಕಿದ್ದು," ಅಂತ ಪಿಸುಗುಟ್ಟಿದರು ನನ್ನ ಅಂಗಡಿಯ ಕಿಟಕಿಯಲ್ಲಿ ನಿಂತಿದ್ದ ಕುರಾಮೋಚಿ. "ಗಾಡಿಯೋರನ್ನ ಪರೀಕ್ಷೆ ಮಾಡ್ತಿದ್ದಾರೆ. ಏನು ತಲೆ, ಏನು ತಲೆ."

ನುಕಾಗರು ಕುಣಿದಾಡುವುದೊಂದು ಬಾಕಿ. ಆ ಬೂದುಬಣ್ಣದ ಚಿತ್ರಕ್ಕೆ ಒಂದು ಚೂರು ಕೆಂಪು ಬೇಕಿತ್ತು, ದೇವರೇ ತಂದು ಅಂಟಿಸಿದ್ದ. ರಸ್ತೆಯಲ್ಲಿ ಬೋರಲು ಮಲಗಿ ತೆಗೆಯುತ್ತಿದ್ದಾಗ ಸಕಾಮಾಕಿ ಬಂದು ನಿಂತ. ಕ್ಯಾಮೆರಾದ ಹಿಂಬದಿಯ ಪರದೆ ನೋಡಿದ. ಬಹಳ ಹೊತ್ತು ನೋಡಿದ.

"ಇದನ್ನ ನಮಗೆ ಕೊಡ್ತೀರಾ ಸಾರ್? ಮುಂದಿನ ವರ್ಷಕ್ಕೆ ಇಂಥದ್ದನ್ನೇ ಹುಡುಕ್ತಿದ್ವಿ. ಊರಿನ ಎಲ್ಲಾ ಮನೆ ಗೋಡೆ ಮೇಲೂ ಇರುತ್ತೆ."

"ಎಲ್ಲಾ ಮನೆ?"

"ಎಲ್ಲಾ ಮನೆ. ಚೀಲದ ಮೇಲಿರೋ ಹೆಸರು ಮಾತ್ರ ಮುಚ್ತೀವಿ. ನಿಯಮ ಇದೆ."

ಯಾವ ರೂಪದಲ್ಲಿ, ಯಾತಕ್ಕೆ ಅಂತ ನುಕಾಗರು ಕೇಳಲಿಲ್ಲ. ಆನಂದ ಅಷ್ಟು ಬಂದಾಗ ಯಾರು ಕೇಳುತ್ತಾರೆ? ಇಬ್ಬರೂ ಒಬ್ಬರಿಗೊಬ್ಬರು ಬಗ್ಗಿದರು, ಮತ್ತೆ ಬಗ್ಗಿದರು. ಅಧಿಕಾರಿ ಅಷ್ಟು ಬಗ್ಗಿದ್ದು ಕಂಡು ನಮ್ಮ ಅಧ್ಯಕ್ಷರು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ನುಕಾಗರು ವಿಭಾಗದ ಮುಖ್ಯಸ್ಥರೇ ಇರಬೇಕು ಎಂದರು.

ಡಿಸೆಂಬರಿನಲ್ಲಿ ಪುರಸಭೆಯ ಕಸದ ಕ್ಯಾಲೆಂಡರು ಮನೆಮನೆಗೆ ಬಂತು. ಯಾವ ದಿನ ಯಾವ ಕಸ ಎಂದು ಅದರಲ್ಲಿರುತ್ತದೆ. ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ ಅದು ನೇತಾಡದ ಅಡುಗೆಮನೆ ಊರಲ್ಲೇ ಇಲ್ಲ, ಅದಿಲ್ಲದೆ ನಮಗೆ ಬದುಕೇ ನಡೆಯುವುದಿಲ್ಲ. ಹೊಸ ವರ್ಷಕ್ಕೆಂದು ಫುಸಾಯೆ ಒಗೆಯಲು ಕೊಟ್ಟಿದ್ದ ರೇಷ್ಮೆ ಕಿಮೊನೊ ತಲುಪಿಸಲು ನಾನು ಹೋದಾಗ ಅವರ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಇಸಾವೊ.

"ಫುಸಾ, ಆಗಸ್ಟ್ ತಿಂಗಳು ತೆಗೆದು ನೋಡು."

ಫುಸಾಯೆ ಪುಟ ಮಗುಚಿದರು. ಪುಟದ ತುಂಬ ಚೀಲ. ಚೀಲದ ತುಂಬ ಫುಸಾಯೆ. ಹೆಸರಿನ ಮೇಲೆ ನಿಯಮದ ಪ್ರಕಾರ ಅಚ್ಚುಕಟ್ಟಾಗಿ ಕಪ್ಪು ಪಟ್ಟಿ ಎಳೆದಿದ್ದರು. ಮುಖದ ಬಗ್ಗೆ ನಿಯಮ ಇರಲಿಲ್ಲ, ಅದು ಕಸದ ಲೆಕ್ಕಕ್ಕೆ ಬಂದಿತ್ತು. ಮೇಲೆ ದೊಡ್ಡ ಕೆಂಪು ಅಕ್ಷರ, 'ಇಂಥದ್ದನ್ನು ಹೀಗೆ ಎಸೆಯಬೇಡಿ.'

ನುಕಾಗರು ಸ್ನಾನದ ಮನೆಯ ಬಾಗಿಲ ಸಂದಿಯಿಂದ ಇಣುಕಿದರು.

"ಗೋಡೆ ಮೇಲೆ ಬಂತಲ್ಲ," ಅಂದರು ಸಣ್ಣ ದನಿಯಲ್ಲಿ. "ಮನೆಯೋರಲ್ಲದೋರು..."

"ಆಗಸ್ಟಿಗೆ ಎಷ್ಟು ದಿನ?" ಅಂತ ಕೇಳಿದರು ಫುಸಾಯೆ.

"ಮೂವತ್ತೊಂದು."

"ಫೆಬ್ರವರಿಗೆ ಹಾಕ್ಸೋಕೆ ಆಗ್ಲಿಲ್ವಾ ನಿಮಗೆ?"

ಫುಸಾಯೆ ಆ ಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ನನ್ನ ಕಡೆ ತಿರುಗಿದರು.

"ತೋಮಿಯಕ್ಕ, ನಿಜ ಹೇಳಿ. ನಾನು ಹೀಗಾ ಕಾಣೋದು?"

"ಬೆಳಕು ತುಂಬಾ ಚೆನ್ನಾಗಿ ಬಿದ್ದಿದೆ," ಅಂದೆ. ಆಕೆ ನಮ್ಮೂರಿನವರೇ, ಅರ್ಥವಾಯಿತು.

"ರೀ, ಈಚೆ ಬನ್ನಿ. ಮಾತು ಅಂದ್ರೆ ಮಾತು. ಕ್ಯಾಮೆರಾ ಅಟ್ಟಕ್ಕೆ ಹೋಗಲ್ಲ." ನುಕಾಗರ ಮುಖ ಅರಳಿತು. "ಹೋಗಲ್ಲ ಅಂದ್ರೆ ಹೋಗೋ ಹಾಗಿಲ್ಲ. ನಾನು ಬಾಯಿ ಮುಚ್ಕೊಂಡು ಲಕ್ಷಣವಾಗಿ ಕೂತಿರೋ ಒಂದು ಫೋಟೊ ತೆಗೀರಿ. ಬರೋ ವರ್ಷ ಇದೇ ಕ್ಯಾಲೆಂಡರಿಗೆ ಹಾಕ್ಸಿ. ಅಲ್ಲೀ ತನಕ ನಿಮಗೆ ಬಿಡುಗಡೆ ಇಲ್ಲ."

ಆ ಸಂಜೆ ಫುಸಾಯೆ ನಡೆದದ್ದನ್ನೆಲ್ಲ ನನಗೆ ಹೇಳಿದರು, ನಾನು ಹೊಸಾಕಾ ಅಮ್ಮನಿಗೂ ಕುರಾಮೋಚಿಯವರಿಗೂ ಹೇಳಿದೆ. ಅದು ತಪಾಸಣೆಯಲ್ಲ, ಹವ್ಯಾಸ, ಕಸ ಚೆನ್ನಾಗಿದೆ ಅಂತ ತೆಗೆಯುತ್ತಿದ್ದರು ಅಷ್ಟೆ, ಅಂತ. ಹೊಸಾಕಾ ಅಮ್ಮ ನನ್ನ ಕೈ ಹಿಡಿದುಕೊಂಡು, "ನಿಮಗೂ ಹೇಳೋ ಹಾಗಿಲ್ಲ, ಅಲ್ವಾ. ಅರ್ಥವಾಯ್ತು ಬಿಡಿ" ಅಂದರು. ಕುರಾಮೋಚಿ ಆಗಸ್ಟ್ ಪುಟದ ಮುಂದೆ ಕೈಕಟ್ಟಿ ನಿಂತು, "ಕರ್ತವ್ಯ ಅಂತ ಬಂದಾಗ ಹೆಂಡತಿನೂ ಬಿಡಲಿಲ್ಲವಲ್ಲ ಆ ಮನುಷ್ಯ" ಎಂದು ಗದ್ಗದಿತರಾದರು.

ಮುಂದಿನ ಸುಡುವ ಕಸದ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೆ. ಲೈಟುಕಂಬದ ಕೆಳಗೆ, ಕಾಗೆ ಬಲೆಯ ಪಕ್ಕ, ನಾನು ಒಗೆದುಕೊಟ್ಟ ರೇಷ್ಮೆ ಕಿಮೊನೊ ಉಟ್ಟು, ತುಟಿಗೆ ಬಣ್ಣ ಹಚ್ಚಿ, ಫುಸಾಯೆ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಅಂಥ ಬೆಳಕು ಮನೆಯೊಳಗೆ ಬೀಳುವುದಿಲ್ಲವಂತೆ. ಬಾಯಿಯನ್ನು ಹೊಲಿಗೆ ಹಾಕಿದ ಹಾಗೆ ಮುಚ್ಚಿಕೊಂಡಿದ್ದರು. ಎದುರಿಗೆ ನೀಲಿ ಅಂಗಿಯ ನುಕಾಗರು ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದರು.

ಹೊಸಾಕಾ ಅಮ್ಮ ಚೀಲ ಹಿಡಿದು ತಿರುವಿನಲ್ಲಿ ಬಂದರು. ನೋಡಿದರು, ನಿಂತರು. ಸೊಂಟ ಮುರಿಯುವಷ್ಟು ಬಗ್ಗಿ ನಮಸ್ಕರಿಸಿ, ತಪಾಸಣೆಗೆ ಅಡ್ಡಬರಬಾರದೆಂಬಂತೆ ಸದ್ದಾಗದ ಹಾಗೆ ಹಿಂದಕ್ಕೆ ಹೆಜ್ಜೆಯಿಟ್ಟು ಚೀಲದ ಸಮೇತ ಮನೆಗೆ ಹೋದರು. ಹಿಂದೆ ಬಂದ ಡಾಕ್ಟರ ಹೆಂಡತಿಯೂ ಹಾಗೇ ಮಾಡಿದರು, ಅವರ ಹಿಂದೆ ಅಧ್ಯಕ್ಷರೂ. ಅವತ್ತು ನಮ್ಮ ಬೀದಿಯಲ್ಲಿ ಯಾರೂ ಕಸ ಹಾಕಲಿಲ್ಲ.